ಮೂರನೇ ಕೊಳವೆಯ ಒಂಬತ್ತು ಅಂಕಿಗಳು

ಜನವರಿಯ ಮೂರನೆಯ ಮಂಗಳವಾರ, ಬೆಳಿಗ್ಗೆ ಆರು ಐವತ್ತು. ಹೊರಗೆ ಮೈನಸ್ ಒಂಬತ್ತು ಡಿಗ್ರಿ. ನಿಯಂತ್ರಣ ಕೊಠಡಿಯಲ್ಲಿ ಹಾಜರಿದ್ದವರು ನಾಲ್ವರು: ಸ್ಥಾವರದ ಮುಖ್ಯಸ್ಥರು, ಹಗಲು ಪಾಳಿಯ ಹಿರಿಯ ಆಪರೇಟರ್, ಬಾಗಲಕೋಟೆ ಕಡೆಯ ಕಿರಿಯ ಎಂಜಿನಿಯರ್, ಮತ್ತು ನಾನು. ಮೊದಲಿಬ್ಬರು ಜರ್ಮನರು. ನಾನು ಮೈಸೂರಿನವಳು, ಈ ಸ್ಥಾವರದ ನೀರಿನ ರಸಾಯನದ ಹೊಣೆ ಹೊತ್ತವಳು, ನಾಲ್ವರಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು.

ನಮ್ಮದು ರೈನ್ ನದಿಯ ಬಯಲಿನ ಸಣ್ಣ ಭೂಶಾಖ ಸ್ಥಾವರ. ಎರಡೂವರೆ ಕಿಲೋಮೀಟರ್ ಆಳದ ಬಿಸಿ ಉಪ್ಪುನೀರನ್ನು ಒಂದು ಬಾವಿಯಿಂದ ಎತ್ತುತ್ತೇವೆ. ಅದರ ಶಾಖವನ್ನು ಪಟ್ಟಣದ ಮನೆಗಳಿಗೆ ಹೋಗುವ ನೀರಿಗೆ ದಾಟಿಸುತ್ತೇವೆ. ತಣಿದ ಉಪ್ಪುನೀರನ್ನು ಎರಡು ಕಿಲೋಮೀಟರ್ ಆಚೆ, ಹೊಲಗಳ ನಡುವಿರುವ ಇನ್ನೊಂದು ಬಾವಿಯಿಂದ ಅದೇ ಬಂಡೆಗೆ ಇಳಿಸುತ್ತೇವೆ. ಎತ್ತಿದ್ದಷ್ಟೂ ಇಳಿಯಬೇಕು, ಇಳಿಯುವ ದಾರಿಯಲ್ಲಿ ಎಲ್ಲೂ ಸೋರಬಾರದು. ಈ ಎರಡನ್ನು ಕಾಪಾಡಿದರೆ ಬಂಡೆ ನಮ್ಮ ಮೊಮ್ಮಕ್ಕಳಿಗೂ ಶಾಖ ಕೊಡುತ್ತದೆ. ಕಾಪಾಡದಿದ್ದರೆ ಮೇಲಿನ ಸಿಹಿನೀರು ಉಪ್ಪಾಗುತ್ತದೆ. ಉಪ್ಪಾದ ಅಂತರ್ಜಲವನ್ನು ಯಾರೂ ತೊಳೆದು ಕೊಡುವುದಿಲ್ಲ.

ಸೋರಿಕೆ ಇದೆಯೇ ಎಂದು ಹೇಳುವುದು ಮೂರನೆಯ ಕೊಳವೆ. ಇಳಿಸುವ ಬಾವಿಯಿಂದ ನಲವತ್ತು ಮೀಟರ್ ದೂರದಲ್ಲಿ, ಆಸ್ಪರಾಗಸ್ ತರಕಾರಿಯ ಹೊಲದ ಅಂಚಿನಲ್ಲಿದೆ. ಅಂತರ್ಜಲದವರೆಗೆ ಮಾತ್ರ ಹೋಗುತ್ತದೆ. ಅದರ ನೀರಿನ ವಿದ್ಯುತ್ ವಾಹಕತೆ ಏರಿದರೆ ಉಪ್ಪು ಸೇರಿದೆ ಎಂದರ್ಥ. ಅಲ್ಲಿದ್ದ ಸೆನ್ಸರ್ ಡಿಸೆಂಬರ್‌ನಲ್ಲಿ ಕೆಟ್ಟಿತ್ತು. ಹೊಸದು ಬರುವವರೆಗೆ ದಿನವೂ ಬೆಳಿಗ್ಗೆ ಒಬ್ಬರು ಹೋಗಿ ಕೈಯಿಂದ ಮಾದರಿ ತೆಗೆದು, ಅಳೆದು, ಲಾಗ್‌ಬುಕ್ಕಿನಲ್ಲಿ ಬರೆಯಬೇಕೆಂಬ ಷರತ್ತಿನ ಮೇಲೆ ಗಣಿ ಇಲಾಖೆ ನಮಗೆ ಅನುಮತಿ ಕೊಟ್ಟಿತ್ತು. ಜನವರಿಯ ಆ ಎರಡು ವಾರ, ವಾರಾಂತ್ಯವೂ ಸೇರಿ, ಆ ಕೆಲಸ ಕಿರಿಯ ಎಂಜಿನಿಯರ್ ಪಾಲಿನದು.

ಶುಕ್ರವಾರ ಅವನ ಪ್ರೋಬೆಟ್ಸೈಟ್ ಮುಗಿಯುತ್ತಿತ್ತು, ಅಂದರೆ ಆರು ತಿಂಗಳ ಪರೀಕ್ಷಾ ಅವಧಿ. ಮೌಲ್ಯಮಾಪನದ ಹಾಳೆಗೆ ಸಹಿ ಹಾಕಬೇಕಾದವಳು ನಾನು. ಆ ಸಹಿಯ ಮೇಲೆ ಕೆಲಸ, ಕೆಲಸದ ಮೇಲೆ ಇಲ್ಲಿ ಉಳಿಯುವ ಪರವಾನಗಿಯಾದ ಬ್ಲೂ ಕಾರ್ಡ್, ಬ್ಲೂ ಕಾರ್ಡಿನ ಮೇಲೆ ಮೂರು ತಿಂಗಳ ಹಿಂದೆ ಊರಿಂದ ಬಂದ ಹೆಂಡತಿ ಮತ್ತು ಕಿಂಡರ್‌ಗಾರ್ಟನ್ ಸೇರಿದ ಮಗಳು ನಿಂತಿದ್ದರು. ಸಹಿಗೆ ಮುಂಚೆ ಒಂದು ಸುತ್ತು ಜೊತೆಯಲ್ಲಿ ಹೋಗಿ ನೋಡುವುದು ನನ್ನ ಪದ್ಧತಿ. ಅದಕ್ಕೆ ಆ ಮಂಗಳವಾರ ಗೊತ್ತುಮಾಡಿದ್ದೆ.

ಏಳು ಹತ್ತಕ್ಕೆ ಹೊರಟೆವು. ವ್ಯಾನ್ ಓಡಿಸುತ್ತಿದ್ದವನು ಅವನೇ. ಅಂದು ಎಂದಿಗಿಂತ ಹೆಚ್ಚು ಮಾತಾಡಿದ.

"ಸೇಂಟ್ ಲಿಯೋನ್-ರೋಟ್‌ನಾಗ ನನ್ನ ದೋಸ್ತರು ಸಾಫ್ಟ್‌ವೇರ್ ಕಂಪನ್ಯಾಗ ಬೆಚ್ಚಗ ಕುಂತು ಕೋಡ್ ಬರೀತಾರ್ರಿ ಮೇಡಂ. ಮೊನ್ನೆ ಒಬ್ಬಾಂವ ಕೇಳ್ತಾನ, ‘ಏನಲೇ ಮಗಾ, ಜರ್ಮನಿಗೆ ಹೋಗಿ ಬಾವಿ ಕಾಯಾಕತ್ತೀಯಂತ?’"

"ನೀವೇನು ಹೇಳಿದಿರಿ?"

"ಹೌದಪಾ, ನಿಮ್ಮದು ಕೆಟ್ರ ರೀಸ್ಟಾರ್ಟ್ ಮಾಡ್ತೀರಿ, ನಮ್ಮದು ಕೆಟ್ರ ಹಂಗ ಬರಂಗಿಲ್ಲ ಅಂದ್ನಿರಿ."

"ಸರಿಯಾಗಿ ಹೇಳಿದ್ದೀರಿ," ಎಂದೆ.

ಹೊಲದ ಅಂಚಿನಲ್ಲಿ ವ್ಯಾನ್ ನಿಂತಿತು. ಹಿಮ ಬಿದ್ದದ್ದು ಹಿಂದಿನ ಗುರುವಾರ, ಆಮೇಲೆ ಬಿದ್ದಿರಲಿಲ್ಲ. ರಸ್ತೆಯಿಂದ ಕೊಳವೆಯವರೆಗೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯ ಉದ್ದಕ್ಕೂ ಹಿಮ ಹಾಸಿದ ಬಟ್ಟೆಯ ಹಾಗೆ ಸಮನಾಗಿತ್ತು. ಒಂದು ಮೊಲ ಅಡ್ಡಲಾಗಿ ದಾಟಿದ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು ಇಳಿದೆ. ಅವನು ಸಾಮಾನು ತೆಗೆಯುವ ನೆಪದಲ್ಲಿ ಹಿಂದೆ ಉಳಿದ.

"ನಿನ್ನೆಯ ಮಾದರಿ ಎಲ್ಲಿಂದ ತೆಗೆದಿರಿ?"

"ಇದರಾಗಿಂದನ ರೀ."

"ಯಾವ ಕಡೆಯಿಂದ ನಡೆದು ಬಂದಿರಿ?"

ಅವನು ಹಿಮ ನೋಡಿದ. ನಾನೂ ನೋಡಿದೆ.

"ಎಷ್ಟು ದಿನ?"

"ಒಂಬತ್ತ್ ರೀ."

ನಾನು ಬೈಯಲಿಲ್ಲ. ಮೊದಲು ಮಾದರಿ. ಕೊಳವೆಯ ಮುಚ್ಚಳದ ಬೋಲ್ಟ್ ಮಂಜುಗಟ್ಟಿತ್ತು, ಅದರ ತಲೆಯ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ಹತ್ತು ದಿನದ ಹಿಂದಿನ ಶನಿವಾರ ಮಳೆ ಬಿದ್ದು ಅದೇ ರಾತ್ರಿ ಹೆಪ್ಪುಗಟ್ಟಿತ್ತು. ಭಾನುವಾರ ಬೆಳಿಗ್ಗೆ ಅವನು ಬಂದಿದ್ದಾನೆ, ಪಾನಾ ಹಾಕಿ ತಿರುಗಿಸಿದ್ದಾನೆ, ಪಾನಾ ಜಾರಿ ಬೋಲ್ಟ್ ಹಾಳಾಗಿದೆ. ಸೋಮವಾರವೂ ಪ್ರಯತ್ನಿಸಿದ್ದಾನೆ. ಮೂರನೆಯ ದಿನದಿಂದ ವ್ಯಾನಿನಿಂದ ಇಳಿದಿಲ್ಲ. ಇಷ್ಟನ್ನು ಅವನೇ ಹೇಳಿದ, ನಾನು ಗ್ಯಾಸ್ ಟಾರ್ಚಿನಿಂದ ಬೋಲ್ಟ್ ಕಾಯಿಸುತ್ತಿದ್ದಾಗ.

ಪೈಪ್ ರೆಂಚ್ ಹಿಡಿದು ಇಬ್ಬರೂ ಸೇರಿ ಬಲ ಹಾಕಿದೆವು. ಇಪ್ಪತ್ತು ನಿಮಿಷಕ್ಕೆ ಬಿಟ್ಟಿತು. ಇಪ್ಪತ್ತು ನಿಮಿಷ, ಒಂದು ಟಾರ್ಚ್, ಇನ್ನೊಂದು ಜೊತೆ ಕೈ. ಒಂದು ಫೋನ್ ಮಾಡಿದ್ದರೆ ಒಂಬತ್ತು ದಿನದ ಹಿಂದೆಯೇ ಈ ಮೂರೂ ಸಿಗುತ್ತಿದ್ದವು.

ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಎತ್ತಿ ಚೆಲ್ಲಬೇಕು. ತಾಪಮಾನ ಒಂದೇ ಕಡೆ ನಿಂತ ಮೇಲೆ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಬೇಕು. ಅವನು ತಪ್ಪಿಲ್ಲದೆ ಮಾಡಿದ. ಬೆರಳು ನೀಲಿಯಾಗಿದ್ದರೂ ಮೂರನೆಯ ಸಲ ತೊಳೆಯುವುದನ್ನು ಬಿಡಲಿಲ್ಲ. ಅವನಿಗೆ ಕೆಲಸ ಬರುತ್ತಿತ್ತು. ಅದನ್ನು ನಾನು ಆಗಲೂ ಅಲ್ಲಗಳೆಯಲಿಲ್ಲ, ಈಗಲೂ ಅಲ್ಲಗಳೆಯುವುದಿಲ್ಲ.

ವಾಹಕತೆಯ ಮೀಟರ್ ಮುಳುಗಿಸಿದೆ. ಆ ಕೊಳವೆಯ ನೀರು ಚಳಿಗಾಲದಲ್ಲಿ ಏಳುನೂರರ ಆಸುಪಾಸು ತೋರಿಸುತ್ತದೆ. ಅಂದು ತೋರಿಸಿದ್ದು ಎರಡು ಸಾವಿರದ ಒಂಬೈನೂರ ನಲವತ್ತು. ತಾಪಮಾನ ಹನ್ನೊಂದು ಇರಬೇಕಾದದ್ದು ಹದಿನಾಲ್ಕು.

"ಮೀಟರ್ ತಪ್ಪಿರಬಹುದೇನ್ರಿ?" ಎಂದ.

ಪರೀಕ್ಷೆಯ ದ್ರಾವಣದಲ್ಲಿ ಅದ್ದಿ ತೋರಿಸಿದೆ. ಮೀಟರ್ ಸರಿಯಿತ್ತು. ಮತ್ತೆ ಅಳೆದೆ, ಅದೇ ಅಂಕಿ.

ವ್ಯಾನಿನಲ್ಲಿ ಲಾಗ್‌ಬುಕ್ ತೆರೆದೆ. ಒಂಬತ್ತು ದಿನದ ಅವನ ಅಂಕಿಗಳು: 708, 711, 709, 714, 710, 712, 709, 713, 712. ಒಂದೇ ಅಂಕಿ ಬರೆದಿದ್ದರೆ ನನ್ನ ಕಣ್ಣಿಗೆ ಎರಡನೆಯ ದಿನವೇ ಬೀಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ನಿಜವಾದ ನೀರು ಹೇಗೆ ಏರಿಳಿಯುತ್ತದೋ ಹಾಗೆಯೇ ಏರಿಳಿಸಿ ಬರೆದಿದ್ದ. ನಾನು ದಿನವೂ ಅದರ ಪಕ್ಕದಲ್ಲಿ ಸಹಿ ಹಾಕಿದ್ದೆ. ನಡುವೆ ಸಂಕ್ರಾಂತಿ ಬಂದಿತ್ತು. ಹೆಂಡತಿ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದು ಕುಸುರೆಳ್ಳಿನ ಡಬ್ಬಿ ಕೊಟ್ಟು ಕಾಲಿಗೆ ನಮಸ್ಕರಿಸಿದ್ದ. ಆ ದಿನದ ಅಂಕಿಯೂ ಇದರಲ್ಲೇ ಇತ್ತು.

"ಯಾಕೆ?"

"ಖಾಲಿ ಬಿಟ್ರ ನೀವ ಬೈದಿದ್ರಲ್ರಿ ಮೇಡಂ."

ಬೈದಿದ್ದೆ. ಡಿಸೆಂಬರ್‌ನಲ್ಲಿ ಒಂದು ದಿನ ಬೇಲಿಯ ಬೀಗ ತೆರೆಯಲಿಲ್ಲವೆಂದು ಅವನು ಕಾಲಂ ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆದಿದ್ದ. ಸ್ಥಾವರದ ಕೈಪಿಡಿಯೂ ಹಾಗೆಯೇ ಹೇಳುತ್ತದೆ: ರೀಡಿಂಗ್ ಸಿಗದಿದ್ದರೆ ಕಾರಣ ಬರೆಯಿರಿ, ಅದೇ ಗಂಟೆಯಲ್ಲಿ ಹೊಣೆಗಾರರಿಗೆ ತಿಳಿಸಿರಿ. ನಾನು ಪಳಗಿದ್ದು ನಮ್ಮ ನಾಡಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಪ್ರಯೋಗಾಲಯದಲ್ಲಿ. ಬಾಯ್ಲರ್ ನೀರಿನ ಅಂಕಿ ಎರಡು ಗಂಟೆಗೊಮ್ಮೆ ಬರೆಯದಿದ್ದರೆ ಅಲ್ಲಿ ನಿಂತ ಕಾಲಲ್ಲೇ ಮೆಮೊ ಸಿಗುತ್ತಿತ್ತು. ನಾನು ಎಲ್ಲರೆದುರು, ಕನ್ನಡದಲ್ಲಿ, ಆ ಖಾಲಿ ಜಾಗವನ್ನು ಬೆರಳಿನಿಂದ ತಟ್ಟುತ್ತ ಹೇಳಿದ್ದೆ: "ಕಾರಣ ಬರೆಯೋದಕ್ಕೆ ನಿಮ್ಮನ್ನ ಇಟ್ಟುಕೊಂಡಿಲ್ಲ. ನನ್ನ ಕಾಲಂನಲ್ಲಿ ಖಾಲಿ ಇರಬಾರದು. ನನಗೆ ಅಂಕಿ ಬೇಕು."

ಬೇರೆ ಯಾರಿಗಾದರೂ ಹೀಗೆ ಹೇಳಿದ್ದರೆ ಕೈಪಿಡಿ ತೆರೆದು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಆಪರೇಟರ್ ಖಂಡಿತ ಹಿಡಿಯುತ್ತಿದ್ದರು. ಇವನು ‘ಆತ್ರಿ’ ಎಂದ, ಅಂಕಿ ಕೊಟ್ಟ.

"ಬೈದೆ. ಸುಳ್ಳು ಬರೆಯಿರಿ ಅಂದೆನೇ?"

"ಇಲ್ರಿ."

"ಸರಿ. ನಡೆಯಿರಿ."

ಎಂಟು ನಲವತ್ತಕ್ಕೆ ಮುಖ್ಯಸ್ಥರ ಮುಂದೆ ಎರಡು ವಿಷಯ ಇಟ್ಟೆ, ಇದೇ ಕ್ರಮದಲ್ಲಿ: ಕೊಳವೆಯ ನೀರಿಗೆ ಉಪ್ಪು ಸೇರಿದೆ, ಹಿಂದಿನ ಒಂಬತ್ತು ಅಂಕಿಗಳು ಸುಳ್ಳು. ಮುಖ್ಯಸ್ಥರು ಎರಡನೆಯದನ್ನು ಪಕ್ಕಕ್ಕೆ ಸರಿಸಿ ಮೊದಲನೆಯದನ್ನು ಹಿಡಿದುಕೊಂಡರು.

"ನಾಲ್ಕು ದಿನದಿಂದ ರಸ್ತೆಗೆ ಉಪ್ಪು ಸುರಿಯುತ್ತಿದ್ದಾರೆ. ಹೊಲಕ್ಕೆ ಹರಿದಿರುತ್ತದೆ. ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿ. ನಾಳೆ ಮಧ್ಯಾಹ್ನ ಫಲಿತಾಂಶ ನೋಡಿ ಮಾತಾಡೋಣ."

ಅವರ ಹಿಂಜರಿಕೆಗೆ ಕಾರಣವಿತ್ತು. ಬಾವಿ ನಿಲ್ಲಿಸಿದರೆ ಪಟ್ಟಣಕ್ಕೆ ಶಾಖ ಕೊಡಬೇಕಾದದ್ದು ಎರಡು ಗ್ಯಾಸ್ ಬಾಯ್ಲರ್. ಅವುಗಳಲ್ಲಿ ಒಂದನ್ನು ವಾರ್ಷಿಕ ತಪಾಸಣೆಗೆಂದು ಸೋಮವಾರವಷ್ಟೇ ಬಿಚ್ಚಿ ಹರಡಿದ್ದರು. ಮೈನಸ್ ಒಂಬತ್ತರಲ್ಲಿ ಒಂದು ಬಾಯ್ಲರ್ ಎಲ್ಲರಿಗೂ ಸಾಲುವುದಿಲ್ಲ.

"ರಸ್ತೆಯ ಉಪ್ಪು ಹೌದೋ ಅಲ್ಲವೋ ನಲವತ್ತು ನಿಮಿಷದಲ್ಲಿ ಹೇಳುತ್ತೇನೆ," ಎಂದೆ.

ನಮ್ಮ ಆಳದ ನೀರಿನಲ್ಲಿ ಲಿಥಿಯಂ ಇದೆ. ರಸ್ತೆಗೆ ಸುರಿಯುವ ಉಪ್ಪಿನಲ್ಲಿ ಹೇಳಿಕೊಳ್ಳುವಷ್ಟು ಇಲ್ಲ. ನನ್ನ ಪ್ರಯೋಗಾಲಯದ ಮೂಲೆಯಲ್ಲಿ ಎಲ್ಲರೂ ಎಸೆಯಿರಿ ಎನ್ನುತ್ತಿದ್ದ ಹಳೆಯ ಫ್ಲೇಮ್ ಫೋಟೋಮೀಟರ್ ಇತ್ತು. ನೀರನ್ನು ಜ್ವಾಲೆಗೆ ಊದಿ, ಜ್ವಾಲೆಯ ಬಣ್ಣದಿಂದ ಲೋಹ ಅಳೆಯುವ ಯಂತ್ರ. ಅವನನ್ನು ಮತ್ತೆ ಕಳಿಸಿ ರಸ್ತೆಬದಿಯ ಚರಂಡಿಯಿಂದ ಕರಗಿದ ಹಿಮದ ನೀರು ತರಿಸಿದೆ. ಈ ಸಲ ಬಾಟಲಿಯ ಜೊತೆ ಚರಂಡಿಯ ಫೋಟೋ ಕೂಡ ತಂದ. ನಾನು ಕೇಳಿರಲಿಲ್ಲ.

ಮೊದಲು ಶುದ್ಧ ನೀರು, ಶೂನ್ಯ. ಆಮೇಲೆ ಅಳತೆ ಗೊತ್ತಿರುವ ದ್ರಾವಣ. ಆಮೇಲೆ ಚರಂಡಿಯ ನೀರು. ಸೋಡಿಯಂನಿಂದ ಜ್ವಾಲೆ ಹಳದಿಯಾಗಿ ಹೊತ್ತಿತು, ಲಿಥಿಯಂ ಫಿಲ್ಟರ್ ಹಾಕಿದಾಗ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಕೊಳವೆಯ ನೀರು. ಮುಳ್ಳು ಎದ್ದು ನಿಂತಿತು. ಮೂರು ಸಲ ಮಾಡಿದೆ, ಮೂರು ಸಲವೂ ನಿಂತಿತು.

ಅಷ್ಟರಲ್ಲಿ ಆಪರೇಟರ್ ಇನ್ನೊಂದು ಕಾಗದ ತಂದು ಮೇಜಿನ ಮೇಲಿಟ್ಟರು. ಇಳಿಸುವ ಬಾವಿಯ ಒಳಗಿನ ಮತ್ತು ಹೊರಗಿನ ಕೇಸಿಂಗ್ ಪೈಪುಗಳ ನಡುವಿನ ಒತ್ತಡ. ಒಂಬತ್ತು ದಿನದಿಂದ ಅದು ದಿನಕ್ಕಿಷ್ಟು ಎಂದು ಇಳಿದಿತ್ತು.

"ಚಳಿಗೆ ಎಂದುಕೊಂಡೆ," ಎಂದರು. "ಕೊಳವೆ ಸರಿಯಿದೆ ಎಂದು ನಿಮ್ಮ ಪುಸ್ತಕ ಹೇಳುತ್ತಿತ್ತಲ್ಲ, ಫ್ರೌ ಡಾಕ್ಟರ್."

ನಿಜ. ಒತ್ತಡದ ಇಳಿತವೊಂದೇ ಕಂಡರೆ ಚಳಿ ಎನ್ನಬಹುದು. ಅದರ ಪಕ್ಕದಲ್ಲಿ ಉಪ್ಪಿನ ಏರಿಕೆ ಕಂಡಿದ್ದರೆ ಯಾರೂ ಚಳಿ ಎನ್ನುತ್ತಿರಲಿಲ್ಲ. ಒಂಬತ್ತು ದಿನ ನಾವು ಸಿಹಿನೀರಿನ ಪದರಕ್ಕೆ ಉಪ್ಪುನೀರು ತುಂಬಿದ್ದೆವು, ಪ್ರತಿದಿನ ಸಹಿ ಹಾಕಿ.

ಒಂಬತ್ತು ನಲವತ್ತೈದಕ್ಕೆ ಬಾವಿ ನಿಲ್ಲಿಸಬೇಕೆಂದು ಹೇಳಿದೆ. ನೀರಿನ ರಕ್ಷಣೆಗೆ ನಿಲ್ಲಿಸುವ ಅಧಿಕಾರ ನನ್ನದು. ಅದಕ್ಕೆ ಮುಖ್ಯಸ್ಥರ ಒಪ್ಪಿಗೆ ಬೇಕಿಲ್ಲ. ಅವರು ಕಿಟಕಿಯ ಹೊರಗೆ, ಪಟ್ಟಣದ ಕಡೆ ಕೈ ತೋರಿಸಿದರು.

"ವೃದ್ಧಾಶ್ರಮವಿದೆ. ಮಕ್ಕಳಿದ್ದಾರೆ. ನಾಳೆಯವರೆಗೆ ಅರ್ಧಕ್ಕೆ ಇಳಿಸೋಣ."

"ಅರ್ಧ ಇಳಿಸಿದರೆ ಅರ್ಧ ಸೋರುತ್ತದೆ."

"ಇವತ್ತು ರಾತ್ರಿ ಯಾರಿಗಾದರೂ ಏನಾದರೂ ಆದರೆ ನಿಮ್ಮ ಹೆಸರು ಹೇಳುತ್ತೇನೆ."

"ಹೇಳಿ. ಕಾಗುಣಿತ ತಪ್ಪಬೇಡಿ. ಪ್ರತಿಸಲ ತಪ್ಪುತ್ತೀರಿ."

ಆಪರೇಟರ್ ಮಾತ್ರ ನಕ್ಕರು. ಆಮೇಲೆ ಅವರೂ ನನ್ನ ಕಡೆ ತಿರುಗಿ, "ನಿಮ್ಮ ಸಹಿ ಇವತ್ತು ಅರ್ಧ ಪಟ್ಟಣವನ್ನು ನಡುಗಿಸುತ್ತದೆ," ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಇಂಥ ಬಾವಿಯನ್ನು ಒಂದೇ ಏಟಿಗೆ ನಿಲ್ಲಿಸುವಂತಿಲ್ಲ. ಒತ್ತಡ ಹಠಾತ್ತನೆ ಬಿದ್ದರೆ ಆಳದ ಬಂಡೆ ಕದಲಬಹುದು, ಬಿಸಿಯಾಗಿದ್ದ ಕೇಸಿಂಗ್ ಕುಗ್ಗಿ ಇನ್ನೊಂದು ಕಡೆ ಬಾಯಿ ಬಿಡಬಹುದು. ಮೇಲಿನ ಪೈಪುಗಳಲ್ಲಿ ಒತ್ತಡ ಉಳಿಸದಿದ್ದರೆ ನೀರಿನಲ್ಲಿ ಕರಗಿದ ಅನಿಲ ಹೊರಬಿದ್ದು ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಹತ್ತು ಹತ್ತು ನಿಮಿಷಕ್ಕೆ ಒಂದೊಂದು ಮೆಟ್ಟಿಲು ಇಳಿಸಿದೆವು. ಪ್ರತಿ ಮೆಟ್ಟಿಲಿಗೂ ಭೂಕಂಪಮಾಪಕದ ಗೆರೆ ನೋಡಿ, ಸುಮ್ಮನಿದ್ದರೆ ಮುಂದಿನದು. ಹನ್ನೊಂದು ಗಂಟೆಗೆ ಪಂಪು ನಿಂತಿತು. ಹನ್ನೊಂದೂವರೆಗೆ ಇಳಿಸುವ ಬಾವಿಯ ಬಾಯಿಯ ಕವಾಟವನ್ನು ಕೈಯಿಂದ ಮುಚ್ಚಲು ನಾನೂ ಅವನೂ ಮತ್ತೆ ಹೊಲಕ್ಕೆ ಹೋದೆವು. ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ ಎಂದರು ಮುಖ್ಯಸ್ಥರು. ಪಾಳಿಯ ಪಟ್ಟಿಯಲ್ಲಿ ಆ ಕೆಲಸ ಅವನ ಹೆಸರಿನಲ್ಲಿತ್ತು. ಪಟ್ಟಿ ಬದಲಾಯಿಸಲು ನನಗೆ ಕಾರಣ ಕಾಣಲಿಲ್ಲ.

ಕವಾಟದ ಚಕ್ರ ಅರವತ್ತೆರಡು ಸುತ್ತು. ಅವನು ತಿರುಗಿಸಿದ, ನಾನು ಎಣಿಸಿದೆ. ನಲವತ್ತನೆಯ ಸುತ್ತಿಗೆ ಅವನ ಫೋನ್ ಹೊಡೆದುಕೊಂಡಿತು. ಕೈ ಬಿಡುವಂತಿಲ್ಲ. ಅರವತ್ತೆರಡು ಮುಗಿದ ಮೇಲೆ ಅವನೇ ತಿರುಗಿ ಕರೆ ಮಾಡಿದ. ಫೋನ್ ಸ್ಪೀಕರಿನಲ್ಲಿತ್ತು, ಕೈಗವಸು ತೆಗೆಯಲು ಅವನಿಗೆ ಆಗುತ್ತಿರಲಿಲ್ಲ.

"ರೀ, ಮನಿಯಾಗ ಹೀಟರ್ ತಣ್ಣಗ ಆಗೇತ್ರಿ," ಎಂದಳು ಹೆಂಡತಿ. "ಬಾಜೂ ಮನಿಯಾಕಿನೂ ಕೇಳಾಕತ್ತಾಳ. ನಿಮ್ಮ ಫ್ಯಾಕ್ಟರೀದ ಅಲ್ಲೇನು ಇದು?"

"ಹೂಂ, ನಮ್ಮದ. ಸ್ವೆಟರ್ ಹಾಕ್ಕೋ. ಕೂಸಿಗೂ ಹಾಕು. ಎರಡ್ ಹಾಕು."

"ಯಾವಾಗ ಬರ್ತದ? ಏನರ ಕೆಟ್ಟೇತೇನು?"

ಅವನು ನನ್ನನ್ನು ನೋಡಿದ. ನಾನು ಕವಾಟಕ್ಕೆ ಸೀಲು ಹಾಕುತ್ತಿದ್ದೆ.

"ಕೆಟ್ಟೇತಿ. ಸಂಜಿಗೆ ಬಂದು ಹೇಳ್ತೀನಿ."

ಅವರ ಮನೆ ಶಾಖಜಾಲದ ಕೊನೆಯ ಬೀದಿಯಲ್ಲಿತ್ತು. ಒಂದೇ ಬಾಯ್ಲರಿನಲ್ಲಿ ಯಾರಿಗೆ ಮೊದಲು ಎಂಬ ಪಟ್ಟಿಯನ್ನು ಎರಡು ವರ್ಷದ ಹಿಂದೆ ಮಾಡಿದವಳೂ ನಾನೇ. ವೃದ್ಧಾಶ್ರಮ, ಚಿಕಿತ್ಸಾಲಯ, ಹತ್ತಿರದ ಬೀದಿಗಳು. ಈಜುಕೊಳವೂ ಶಾಲೆಯೂ ಬಂದ್. ಕೊನೆಯ ಬೀದಿ ಕೊನೆಗೆ. ಪಟ್ಟಿಯಲ್ಲಿ ತಪ್ಪಿರಲಿಲ್ಲ.

ಎರಡು ಗಂಟೆಗೆ ಗಣಿ ಇಲಾಖೆಯ ಅಧಿಕಾರಿಣಿ ಬಂದರು. ನನ್ನ ಅರ್ಧ ವಯಸ್ಸಿನ ಹೆಂಗಸು, ಬೂಟಿನ ಹಿಮ ಒರೆಸಿಯೇ ಒಳಗೆ ಕಾಲಿಟ್ಟರು. ಫಲಿತಾಂಶ ನೋಡಿ, ಹೊಲದ ಆಚೆಯ ಹಳ್ಳಿಯ ಕುಡಿಯುವ ನೀರಿನ ಬಾವಿಯನ್ನು ಫೋನಿನಲ್ಲೇ ಮುಚ್ಚಿಸಿದರು. ಉಪ್ಪು ಎಷ್ಟು ದೂರ ಹೋಗಿದೆ ಎಂದು ತಿಳಿಯಲು ಐದು ಹೊಸ ಕೊಳವೆ ಕೊರೆಯಬೇಕು ಎಂದರು. ಆಮೇಲೆ ಲಾಗ್‌ಬುಕ್ ಕೇಳಿದರು.

ಸುಳ್ಳು ಅಂಕಿಯನ್ನು ಅಳಿಸುವಂತಿಲ್ಲ. ಬರೆದವನೇ ಅದರ ಮೇಲೆ ಕೆಂಪು ಗೆರೆ ಎಳೆದು, ‘ಅಳೆದದ್ದಲ್ಲ’ ಎಂದು ಬರೆದು, ಚುಟುಕು ಸಹಿ ಹಾಕಬೇಕು. ಹಾಗೆ ಮಾಡುವಾಗ ದಿನಾಂಕ ಮತ್ತು ಅಂಕಿಯನ್ನು ಗಟ್ಟಿಯಾಗಿ ಓದಬೇಕೆಂದು ನಾನು ಅವನಿಗೆ ಹೇಳಿದೆ. ಇಲಾಖೆಯ ನಿಯಮದಲ್ಲಿ ಅದು ಇಲ್ಲ. ಎಲ್ಲರ ಕಿವಿಗೂ ಬೀಳಲಿ, ಆಮೇಲೆ ತಕರಾರು ಬೇಡ ಎಂಬುದು ನನ್ನ ಲೆಕ್ಕ. ಅವನು ನಿಂತುಕೊಂಡು, ಕಲಿತ ಜರ್ಮನ್‌ನಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಒಂಬತ್ತೂ ಓದಿದ. ಐದನೆಯದಕ್ಕೆ ಮುಖ್ಯಸ್ಥರು, "ಸಾಕಲ್ಲವೇ?" ಎಂದರು. "ಇನ್ನು ನಾಲ್ಕಿವೆ," ಎಂದೆ.

ಓದಿ ಮುಗಿದ ಮೇಲೆ ನನ್ನ ಸರದಿ. ಖಾಲಿ ಬಿಡಬಾರದೆಂದು ಡಿಸೆಂಬರ್‌ನಲ್ಲಿ ನಾನು ಹೇಳಿದ್ದೆ, ಅದು ಕೈಪಿಡಿಗೆ ವಿರುದ್ಧವಾಗಿತ್ತು, ಇದನ್ನೂ ವರದಿಯಲ್ಲಿ ಬರೆದುಕೊಳ್ಳಿ ಎಂದೆ. ಮುಖ್ಯಸ್ಥರು ಪೆನ್ನು ಕೆಳಗಿಟ್ಟರು. ನೀರಿನ ಹೊಣೆಗೆ ಇಲಾಖೆ ಕೊಟ್ಟ ನನ್ನ ಅಧಿಕಾರಪತ್ರ ಹೋದರೆ ಈ ಸ್ಥಾವರ ತಿಂಗಳುಗಟ್ಟಲೆ ತೆರೆಯುವುದಿಲ್ಲ, ಅದು ಅವರಿಗೆ ಗೊತ್ತು.

"ಲಿಖಿತವಾಗಿ ಕೊಟ್ಟಿದ್ದಿರಾ?" ಅಧಿಕಾರಿಣಿ ಕೇಳಿದರು.

"ಇಲ್ಲ. ಬಾಯಿಮಾತು. ಕನ್ನಡದಲ್ಲಿ."

ಅವರು ಆಪರೇಟರ್ ಕಡೆ ನೋಡಿದರು. "ಅವರು ಆ ಖಾಲಿ ಜಾಗ ತಟ್ಟಿದ್ದು ನೋಡಿದ್ದೇನೆ," ಎಂದರು ಆಪರೇಟರ್. "ಸ್ವರವೂ ಚೆನ್ನಾಗಿರಲಿಲ್ಲ. ಏನು ಹೇಳಿದರೋ ಗೊತ್ತಿಲ್ಲ."

ಅಧಿಕಾರಿಣಿ ಅವನನ್ನು ಕೇಳಿದರು. "ಇವರು ನಿಮಗೆ ಹಾಗೆ ಹೇಳಿದ್ದು ನಿಜವೇ?"

ಅವನು ನನ್ನ ಕಡೆ ಒಮ್ಮೆ ನೋಡಿದ.

"ಇಲ್ಲ," ಎಂದ. "ಮೇಡಂ ಹಾಗೆ ಹೇಳಿಲ್ಲ. ಬೋಲ್ಟ್ ಹಾಳುಮಾಡಿದ್ದು ಗೊತ್ತಾಗಬಾರದು ಎಂದು ನಾನೇ ಬರೆದೆ."

"ಹೇಳಿದ್ದೇನೆ," ಎಂದೆ. "ಇದೇ ಕೊಠಡಿಯಲ್ಲಿ."

ಅಧಿಕಾರಿಣಿ ಒಂದು ಸಾಲು ಬರೆದು ನನಗೆ ಓದಿ ಹೇಳಿದರು: ಹೇಳಿಕೆ ದೃಢಪಟ್ಟಿಲ್ಲ. ಆಮೇಲೆ ತುಂಬ ಮೆತ್ತಗೆ, "ನಿಮ್ಮ ನಾಡಿನ ಹುಡುಗನ ಮೇಲೆ ನಿಮಗೆ ಕನಿಕರ ಇರುವುದು ಸಹಜ," ಎಂದರು. ಕನಿಕರ ಎಂಬ ಮಾತು ನನ್ನ ಬಗ್ಗೆ ಯಾರೂ ಹೇಳಿದ್ದಿಲ್ಲ. ಅಂದು ಅದನ್ನು ಕಡತದಲ್ಲಿ ಸೇರಿಸಿದರು.

ಮೂರೂವರೆಗೆ ಅವರು ಹೊರಟರು. ಮೂರು ಐವತ್ತಕ್ಕೆ ಮುಖ್ಯಸ್ಥರು ಅವನನ್ನು ಕರೆದು, ಪರೀಕ್ಷಾ ಅವಧಿಯಲ್ಲೇ ಕೆಲಸದಿಂದ ತೆಗೆದಿದ್ದೇವೆ, ಇಂದಿನಿಂದಲೇ ಬರಬೇಕಿಲ್ಲ ಎಂಬ ಪತ್ರ ಕೊಟ್ಟರು. ಆ ಪತ್ರಕ್ಕೆ ಎರಡನೆಯ ಸಹಿ ನನ್ನದು. ಹಾಕಿದೆ. ನನ್ನ ಮಾತಿನ ಬಗ್ಗೆ ಪೂರ್ತಿ ಹೇಳಿಕೆಯನ್ನು ಒಂದು ಪುಟ ಬರೆದು, ಇಲಾಖೆಯ ವಿಳಾಸಕ್ಕೆ ಅಂದಿನ ಅಂಚೆಗೂ ಹಾಕಿದೆ. ಅದು ಅವನನ್ನು ಉಳಿಸುವುದಿಲ್ಲ ಎಂದು ಗೊತ್ತಿದ್ದೇ ಹಾಕಿದೆ.

ಸಾಮಾನು ವಾಪಸು ತೆಗೆದುಕೊಳ್ಳುವುದೂ ನನ್ನ ಕೆಲಸ. ಬೀಗದ ಕೈ ಮೂರು, ಗ್ಯಾಸ್ ಡಿಟೆಕ್ಟರ್ ಒಂದು, ಹೆಲ್ಮೆಟ್, ಸುರಕ್ಷತಾ ಬೂಟು. ಅವನು ಒಂದೊಂದಾಗಿ ಮೇಜಿನ ಮೇಲಿಟ್ಟ. ಬೂಟಿನ ಮಣ್ಣು ಒರೆಸಿಕೊಂಡು ಬಂದಿದ್ದ.

"ಒಳಗೆ ಯಾಕೆ ಸುಳ್ಳು ಹೇಳಿದಿರಿ?"

"ಅದು ಹತ್ತನೇದ್ ರೀ," ಎಂದು ನಕ್ಕ.

"ಕೇಳಿದ್ದಕ್ಕೆ ಉತ್ತರ ಕೊಡಿ."

"ನಿಮ್ಮ ಹೆಸರು ಉಳೀಬೇಕಿತ್ರಿ ಮೇಡಂ. ಈಗ ಬ್ಲೂ ಕಾರ್ಡ್ ಉಳೀಬೇಕಂದ್ರ ಮೂರು ತಿಂಗಳದಾಗ ನಾ ಬ್ಯಾರೆ ಕೆಲಸ ಹುಡುಕಬೇಕು. ಮ್ಯೂನಿಕ್ ಕಡೆ ಇಂಥಾ ಬಾವಿ ಭಾಳ ಅದಾವಂತ. ಅಲ್ಲಿ ನಿಮ್ಮ ಹೆಸರು ನಡೀತೈತಿ. ನನ್ನ ಜೋಡಿ ನೀವೂ ಮುಳುಗಿದ್ರ ನನಗ ಶಿಫಾರಸು ಪತ್ರ ಕೊಡವ್ರು ಯಾರ್ರಿ?"

ಅವನು ಅದನ್ನು ಲೆಕ್ಕ ಹಾಕಿಯೇ ಮಾಡಿದ್ದ. ಗೌರವಕ್ಕೂ ಇರಬಹುದು, ಎರಡೂ ಇರಬಹುದು. ನಾನು ಅದನ್ನು ಬಿಡಿಸಲು ಹೋಗಲಿಲ್ಲ.

"ನಾನು ಕೊಡುವುದಿಲ್ಲ," ಎಂದೆ.

ಅವನು ಗ್ಯಾಸ್ ಡಿಟೆಕ್ಟರಿನ ಪಟ್ಟಿ ಸುತ್ತುತ್ತಿದ್ದವನು ನಿಲ್ಲಿಸಿದ.

"ಅರ್ಧ ಪುಟಾನೂ ಇಲ್ಲೇನ್ರಿ?"

"ಇಲ್ಲ. ತೆಗೆಯದ ನೀರಿಗೆ ಒಂಬತ್ತು ದಿನ ಅಂಕಿ ಕೊಟ್ಟವರನ್ನು ಇನ್ನೊಂದು ಬಾವಿಗೆ ಕಳಿಸಲಾರೆ. ಅಲ್ಲಿಯೂ ಕೆಳಗೆ ಯಾರೋ ಕುಡಿಯುವ ನೀರಿರುತ್ತದೆ."

"ಅಂಕಿ ಬೇಕು ಅಂದಾಕಿ ನೀವ."

"ಹೌದು. ಅದನ್ನ ಬರೆದು ಕಳಿಸಿದ್ದೇನೆ. ನಿಮ್ಮ ಪತ್ರ ಬೇರೆ ಮಾತು."

"ಹಂಗಾರ ನಾ ಒಳಗ ಹೇಳಿದ್ದು ದಂಡ ಆತು."

"ಆಯಿತು. ಬೇಕಾದರೆ ಈಗಲೇ ಫೋನ್ ಮಾಡಿ ನಿಜ ಹೇಳಿ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ."

"ಈಗ ಯಾರು ನಂಬ್ತಾರ್ರಿ?" ಎಂದ. ಪಟ್ಟಿ ಸುತ್ತಿ ಮುಗಿಸಿ ಡಿಟೆಕ್ಟರನ್ನು ಮೇಜಿನ ಮೇಲಿಟ್ಟ. "ಒಂದ್ ಸಹಿಗೆ ಎಷ್ಟ್ ಗಟ್ಟಿ ಅದೀರಿ ನೀವು," ಎಂದ. ಸಿಟ್ಟಿನ ಮಾತೋ ಅಲ್ಲವೋ ನನಗೆ ತಿಳಿಯಲಿಲ್ಲ. ವಾಪಸಾತಿಯ ಪಟ್ಟಿಯ ಕೆಳಗೆ ಸಹಿ ಹಾಕಿ, "ಬರ್ತೀನ್ರಿ," ಎಂದು ಹೊರಟ.

ನಾಲ್ಕೂ ಮುಕ್ಕಾಲಿಗೆ ನನಗೆ ಒಂದೇ ಕೆಲಸ ಉಳಿದಿತ್ತು, ಅಪಾಯದ ಕರೆಯ ಪಟ್ಟಿ. ಸ್ಥಾವರದಲ್ಲಿ ಏನಾದರೂ ಕೆಟ್ಟರೆ ಕಂಪ್ಯೂಟರ್ ಒಂದೇ ಸಲಕ್ಕೆ ನಾಲ್ಕು ಫೋನಿಗೆ ಕರೆ ಮಾಡುತ್ತದೆ. ಕರೆ ಎತ್ತಿದವರು ಅಂಕಿ ಒಂದನ್ನು ಒತ್ತಿ ‘ಬಂದೆ’ ಎಂದು ಖಚಿತಪಡಿಸಬೇಕು. ಪಟ್ಟಿಯಿಂದ ಹೆಸರು ತೆಗೆಯುವ ಮುನ್ನ ಇದ್ದ ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷೆಯ ಕರೆ ಕಳಿಸಬೇಕು, ಆಮೇಲೆ ಬದಲಾವಣೆ. ಕ್ರಮ ಹಾಗಿದೆ.

"ಸುಮ್ಮನೆ ಅಳಿಸಿಬಿಡಿ," ಎಂದರು ಆಪರೇಟರ್.

ನಾನು ಪರೀಕ್ಷೆಯ ಗುಂಡಿ ಒತ್ತಿದೆ. ನನ್ನ ಫೋನ್ ಮೇಜಿನ ಮೇಲೆ ಕುಣಿಯಿತು. ಆಪರೇಟರ್ ಜೇಬಿನಲ್ಲಿ ಇನ್ನೊಂದು. ಮುಖ್ಯಸ್ಥರ ಕೋಣೆಯಲ್ಲಿ ಇನ್ನೊಂದು. ನಾವು ಯಾರೂ ಕೈ ಚಾಚುವ ಮೊದಲೇ ಪರದೆಯ ಮೇಲೆ ಮೊದಲ ಉತ್ತರ ಬಂದಿತ್ತು. ಅವನದು. ಆರು ಸೆಕೆಂಡು.

ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಅವನು ಫೋನ್ ಕಿವಿಗಿಟ್ಟುಕೊಂಡು, ಒಂದು ಕಾಲನ್ನು ರಸ್ತೆಗೆ ಇಳಿಸಿ, ಸ್ಥಾವರದ ಕಡೆ ತಿರುಗಿ ನಿಂತಿದ್ದ. ಇದು ಪರೀಕ್ಷೆ ಎಂದು ಯಂತ್ರ ಕೊನೆಯಲ್ಲಿ ಹೇಳುತ್ತದೆ. ಅಲ್ಲಿಯವರೆಗೆ ಅವನು ಹಾಗೆಯೇ ನಿಂತಿದ್ದ. ಆಮೇಲೆ ಕಾಲು ಮೇಲೆ ತೆಗೆದುಕೊಂಡ.

ಉಳಿದ ಮೂವರೂ ಖಚಿತಪಡಿಸಿದೆವು. ಪರೀಕ್ಷೆ ಸರಿ ಎಂದು ಬರೆದೆ. ಅವನ ಹೆಸರಿನ ಸಾಲನ್ನು ಆರಿಸಿ ಅಳಿಸಿದೆ. ಖಚಿತವೇ ಎಂದು ಕಂಪ್ಯೂಟರ್ ಕೇಳಿತು, ಹೌದು ಎಂದೆ. ಸಮಯ ನಾಲ್ಕು ಐವತ್ತೇಳು.